ಮೀನಿನ ಪೆಟ್ಟಿಗೆಯ ಸದ್ದು

ನಮ್ಮ ಮಾವನವರಿಗೆ ಸಿಟ್ಟಿದ್ದದ್ದು ಮೀನಿನ ಮೇಲಲ್ಲ, ಪಂಪಿನ ಮೇಲೆ. ಇದನ್ನು ಅವರು ಮನೆಗೆ ಬಂದವರನ್ನೆಲ್ಲ ಕೂಡಿಸಿಕೊಂಡು, ಚಹಾ ಕುಡಿಸಿ, ಬಿಡಿಸಿ ಹೇಳುತ್ತಿದ್ದರು.

“ಮೀನಾ ಪಾಪ ಏನ್ ಮಾಡ್ತಾವ್ರಿ? ಬಾಯಿ ತೆಗೀತಾವ, ಮುಚ್ಚತಾವ. ಆ ಡಬ್ಬಿ ಗಂಟಲಾ ಕೇಳ್ರಿ ಒಂದೀಟು!”

ಬಂದವರು ತಲೆ ವಾಲಿಸಿ ಕೇಳುತ್ತಿದ್ದರು. ವಾಲಿಸುವ ಅಗತ್ಯವೇನೂ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕೇಳಿಸುತ್ತಿತ್ತು. ಗರ್ ಗರ್ ಗರ್, ನಡುವೆ ಒಮ್ಮೆ ಟಕ್, ಮತ್ತೆ ಗರ್.

ಶಹಾಪುರದ ನಮ್ಮ ಮನೆಗೆ ಆ ಗಾಜಿನ ಪೆಟ್ಟಿಗೆ ಬಂದದ್ದು ಪುಕ್ಕಟೆಯಾಗಿ. ಮಾಳಿಗೆಯ ಮೇಲೆ ಬಾಡಿಗೆಗಿದ್ದ ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು. ಸಾಮಾನು ಹೇರುವಾಗ, ಲಾರಿಯಲ್ಲಿ ಒಡೆದು ಹೋಗುತ್ತದೆ, ನೀವೇ ಇಟ್ಟುಕೊಳ್ಳಿ ಎಂದು ಪಡಸಾಲೆಯಲ್ಲಿ ಇಳಿಸಿ ಹೊರಟೇ ಹೋದರು. ಕೆಂಪು ಮೀನು ನಾಲ್ಕು, ಕರಿಯದು ಒಂದು, ತಳದಲ್ಲಿ ಬಣ್ಣದ ಹರಳು, ಎರಡು ಪಂಪು. ಒಂದು ಪಂಪು ಹೊರಗೆ ಹಲಗೆಯ ಮೇಲೆ ಕೂತು ಸಣ್ಣ ಪೈಪಿನಲ್ಲಿ ನೀರಿಗೆ ಗಾಳಿ ಊದುತ್ತದೆ. ಇನ್ನೊಂದು ನೀರಿನಲ್ಲೇ ಮುಳುಗಿದ್ದು ಹೊಲಸನ್ನು ಎಳೆದು ಸೋಸುತ್ತದೆ. ಎರಡಕ್ಕೂ ವಯಸ್ಸಾಗಿತ್ತು. ಬೇಡ ಅನ್ನಬೇಕೆಂದು ನನ್ನ ಬಾಯಿಗೆ ಬಂದಿತ್ತು. ಎರಡು ಹೊತ್ತು ರೊಟ್ಟಿ ಬಡಿಯುವವಳು ಮೀನಿನ ಬಾಣಂತನವನ್ನೂ ಮಾಡಬೇಕೇನು? ಆದರೆ ಅದೇ ತಿಂಗಳು ನನ್ನ ನಾದಿನಿ ಸುರಪುರದ ಗಂಡನ ಮನೆಯಿಂದ ಬಂದಳು.

ಹಬ್ಬಕ್ಕೆ ಬಂದದ್ದಲ್ಲ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಎಡಗಿವಿ ಮುಚ್ಚುವಂತೆ ಬಿಗಿದುಕೊಂಡ ಸೆರಗು. ಆ ಸೆರಗು ಸರಿಸಿ ನೋಡಿದವಳು ನಾನೇ. ಕಿವಿಯಿಂದ ಕೆನ್ನೆಯವರೆಗೆ ನೀಲಿಗಟ್ಟಿತ್ತು. ಗಂಡನ ಕೈ ಅದು, ಮೊದಲ ಸಲದ್ದೂ ಅಲ್ಲ. ಯಾದಗಿರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಒಳಗಿನ ಪರದೆ ಹರಿದಿದೆ, ಆ ಕಿವಿ ಇನ್ನು ಮೊದಲಿನಂತಾಗುವುದಿಲ್ಲ ಎಂದರು. ಬರುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. ಕಂಡಕ್ಟರು ಎಡಗಡೆಯಿಂದ ಟಿಕೇಟು ಕೇಳಿದರೆ ತಿರುಗಿಯೂ ನೋಡಲಿಲ್ಲ.

ಮಾವನವರು ಎಲ್ಲವನ್ನೂ ಕೇಳಿ ಒಂದು ಹೊತ್ತು ಉಣ್ಣಲಿಲ್ಲ. ಮರುದಿನ ತಮ್ಮ ತೀರ್ಮಾನ ಹೇಳಿದರು.

“ಗಂಡ ಹೆಂಡ್ರ ಜಗಳ ಯಾರ ಮನ್ಯಾಗ ಇಲ್ಲ? ಭತ್ತದ ರಾಶಿ ಮುಗೀಲಿ. ಎರಡೂ ಕಡಿ ಹಿರ್ಯಾರು ಕುಂಡ್ರತಾರ. ಅವನಿಗಿ ಬುದ್ಧಿ ಹೇಳ್ತಾರ, ಈಕಿನ್ನ ಕಳಸ್ತಾರ. ಅಲ್ಲೀತನಕ ಇರಲಿ.”

ಆ ‘ಕಳಸ್ತಾರ’ ಎಂಬ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ರಿಪೇರಿಗೆ ಬಂದ ಮೋಟರೇನು ಅವಳು, ತಂತಿ ಸುತ್ತಿ ಮಾಲೀಕನಿಗೆ ವಾಪಸು ಕೊಡಲು? ನಮ್ಮವರಿಗೆ ಹೇಳಿದರೆ, “ಅಪ್ಪನ ಮುಂದ ನಾ ಏನ್ ಮಾತಾಡ್ಲಿ?” ಎಂದು ಪೇಪರಿನ ಹಿಂದಿನಿಂದ ಉತ್ತರ ಬರುತ್ತಿತ್ತು. ನನ್ನ ಗಂಡನ ಧೈರ್ಯವೆಲ್ಲ ಹತ್ತಿ ಅಂಗಡಿಯ ಗುಮಾಸ್ತಿಕೆಯಲ್ಲೇ ಖರ್ಚಾಗಿ, ಮನೆಗೆ ಬರುವಾಗ ಏನೂ ಉಳಿದಿರುತ್ತಿರಲಿಲ್ಲ. ಹೀಗಾಗಿ ನನಗೆ ಉಳಿದದ್ದು ಒಂದೇ ದಾರಿ. ರಾಶಿ ಮುಗಿಯುವುದರೊಳಗೆ ಅವಳೇ ಹಿರಿಯರ ಮುಂದೆ ನಿಂತು ‘ನಾ ಹೋಗಂಗಿಲ್ಲ’ ಅನ್ನುವಷ್ಟು ಗಟ್ಟಿಯಾಗಬೇಕು. ಅವಳ ಬಾಯಿಂದ ಆ ಒಂದು ಮಾತು ಬಂದರೆ ಮಿಕ್ಕಿದ್ದು ನಾನು ನೋಡಿಕೊಳ್ಳುತ್ತಿದ್ದೆ.

ಆದರೆ ಅವಳ ಬಾಯಿಂದ ಯಾವ ಮಾತೂ ಬರುತ್ತಿರಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದಳು, ಕೊಡದಿದ್ದರೆ ಇಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ತಲೆ ಬಾಚುವುದೂ ನನ್ನ ಕೈಯಿಂದಲೇ ಆಗಬೇಕಿತ್ತು. ಇಂಥವಳು ಒಂದು ಮಧ್ಯಾಹ್ನ ತಾನಾಗಿ ಎದ್ದು ಬಂದು ಮೀನಿನ ಪೆಟ್ಟಿಗೆಯ ಮುಂದೆ ಕೂತಳು. ಮರುದಿನವೂ ಕೂತಳು. ಆಮೇಲೆ ಆಹಾರ ಹಾಕುವುದು, ಗಾಜು ಒರೆಸುವುದು, ನೀರು ಬದಲಿಸುವುದು ಎಲ್ಲ ಅವಳದೇ ಆಯಿತು. ಹಾಸಿಗೆಯನ್ನೂ ಪಡಸಾಲೆಗೆ ತಂದು ಪೆಟ್ಟಿಗೆಯ ಕಾಲಬುಡಕ್ಕೆ ಹಾಸಿಕೊಂಡಳು. ಒಂದು ದಿನ ನಾನು ಸೊಪ್ಪು ಸೋಸುತ್ತಿದ್ದಾಗ ಅಲ್ಲಿಂದಲೇ ಕೂಗಿದಳು.

“ವೈನಿ, ಈ ಕರೀದು ಭಾಳ ಶಾಣ್ಯಾ ಅದ. ಮೊದಲ ಅದಕ್ಕ ಹಾಕಲಿಲ್ಲಂದ್ರ ಸಿಟ್ಟಿಗೇಳ್ತದ. ಥೇಟ್ ನಿನ್ನಂಗ.”

ಬೇರೆ ಯಾರಾದರೂ ನನ್ನನ್ನು ಮೀನಿಗೆ ಹೋಲಿಸಿದ್ದರೆ ನಾನು ಸುಮ್ಮನಿರುವವಳಲ್ಲ. ಅವತ್ತು ಸೊಪ್ಪಿನ ಮೊರ ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಪಂಪಿನ ಸದ್ದು ಹೆಚ್ಚಾಗತೊಡಗಿದ್ದು ಅದೇ ದಿನಗಳಲ್ಲಿ. ಪ್ಲಗ್ಗು ಇದ್ದದ್ದು ಪಡಸಾಲೆಯಲ್ಲಿ, ದೇವರ ಜಗಲಿ ಇದ್ದದ್ದೂ ಅಲ್ಲೇ. ಮಾವನವರು ಬೆಳಿಗ್ಗೆ ಮೈತೊಳೆದು, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರೆಂದರೆ ಬೆನ್ನ ಹಿಂದೆ ಇದರ ಗರಗರ ಶುರುವಾದಂತೆ. ಒಂದು ಬೆಳಿಗ್ಗೆ ಪೂಜೆ ಅರ್ಧಕ್ಕೇ ಬಿಟ್ಟು ಎದ್ದು ಬಂದರು.

“ಮೋಟರ್ ಅಂಗಡಿ ಮಗಳಲ್ಲ ನೀ? ಇದರ ಬಾಯಿ ಮುಚ್ಚಸವಾ. ಹಿರ್ಯಾರು ಬರೂದ್ರಾಗ ಮುಚ್ಚಬೇಕು. ಇಲ್ಲಂದ್ರ ಮೀನಾ ಒಯ್ದು ಕೆರ್ಯಾಗ ಬಿಡ್ತೀನಿ, ಡಬ್ಬಿ ಗುಜರಿಗಿ ಹಾಕ್ತೀನಿ.”

ಹೌದು, ನಾನು ಮೋಟರ್ ಅಂಗಡಿಯ ಮಗಳು. ಯಾದಗಿರಿಯಲ್ಲಿ ನಮ್ಮಪ್ಪನದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಹೊಲದ ಪಂಪುಸೆಟ್ಟಿನ ಸದ್ದು ಕೇಳಿದರೆ ಬೇರಿಂಗ್ ಹೋಗಿದೆಯೋ, ಗಾಳಿ ಹಿಡಿದಿದೆಯೋ ಹೇಳುತ್ತಿದ್ದೆ. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಯಾರೂ ನನ್ನನ್ನು ಆ ವಿದ್ಯೆ ಕೇಳಿರಲಿಲ್ಲ. ಕೇಳಿದ್ದು ಈ ಅಂಗೈಯಷ್ಟಗಲದ ಡಬ್ಬಿಗಾಗಿ. ಇದೊಂದು ಕೆಲಸವೇನು ಅಂದುಕೊಂಡೆ. ದೊಡ್ಡ ಪಂಪು ಕೆಟ್ಟರೆ ಒಂದು ಕಡೆ ಕೆಟ್ಟಿರುತ್ತದೆ. ಇದು ಕೆಟ್ಟದ್ದು ಎಲ್ಲಾ ಕಡೆ.

ಮೊದಲು ಗಾಳಿ ಪಂಪು ಹಿಡಿದೆ. ಅದು ನಡುಗುವುದೇ ಅದರ ಕೆಲಸ. ಆ ನಡುಕ ಹಲಗೆಗೆ ಇಳಿದು, ಹಲಗೆಯಿಂದ ಗೋಡೆಗೆ ಹೋಗಿ ಇಡೀ ಪಡಸಾಲೆ ಗುಂಯ್ಗುಡುತ್ತಿತ್ತು. ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದು ಕೆಳಗೆ ಇಟ್ಟೆ. ಅರ್ಧ ಸದ್ದು ಇಳಿಯಿತು. ಪೈಪು ಗಾಜಿಗೆ ತಾಗಿ ಕಟಕಟ ಅನ್ನುತ್ತಿತ್ತು, ಅದನ್ನು ಎಳೆದು ಬೇರೆ ಕಡೆ ಕಟ್ಟಿದೆ. ನೀರಿನ ತಳದಲ್ಲಿ ಗಾಳಿ ಗುಳ್ಳೆ ಬಿಡುವ ಕಲ್ಲು ಇರುತ್ತದಲ್ಲ, ಅದರ ತೂತುಗಳೆಲ್ಲ ಕಟ್ಟಿಹೋಗಿ ಪಂಪು ಉಬ್ಬಸ ಪಡುತ್ತಿತ್ತು. ಕಲ್ಲು ಬದಲಿಸಿದೆ. ಎರಡು ದಿನ ಆರಾಮ. ಆಮೇಲೆ ಒಳಗಿನ ರಬ್ಬರು ಹರಿಯಿತು. ಸೈಕಲ್ ಟ್ಯೂಬಿನ ತೇಪೆ ಹಚ್ಚಿದರೆ ಹಳೆಯ ಸದ್ದಿನ ಬದಲು ಹೊಸದೊಂದು ಸದ್ದು, ಕೋಳಿ ಮರಿ ಕೂಗಿದ ಹಾಗೆ ಚಿಂವ್ ಚಿಂವ್. ಮಾವನವರು ಹೊರಗಿನಿಂದ ಬಂದು, “ಏನವಾ, ಈಗ ಕೋಳಿನೂ ಸಾಕಾಕತ್ತಿರೇನು?” ಎಂದರು.

ಯಾದಗಿರಿಗೆ ಹೋದೆ. ಸ್ಟೇಷನ್ ರಸ್ತೆಯ ಹತ್ತಿರ ಮೀನಿನ ಸಾಮಾನು ಮಾರುವ ಒಂದು ಅಂಗಡಿ. ಡಬ್ಬಿ ಎರಡನ್ನೂ ಮೇಜಿನ ಮೇಲಿಟ್ಟು, ರೋಗದ ಕತೆಯೆಲ್ಲ ಹೇಳಿದೆ. ಅಂಗಡಿಯವನು ಎತ್ತಿಯೂ ನೋಡಲಿಲ್ಲ.

“ಅವಾಜ್ ಇಲ್ಲದ ಪಂಪ್ ಬೇಕೇನ್ರಿ ಅಕ್ಕಾ? ಪ್ಲಗ್ ತೆಗದಿಡ್ರಿ.”

ರಬ್ಬರು ಮಾತ್ರ ಕೊಟ್ಟ. ಹಾಕಿದೆ. ಗಾಳಿ ಪಂಪು ಒಂದು ಹದಕ್ಕೆ ಬಂತು. ಉಳಿದದ್ದು ನೀರಿನೊಳಗಿನ ಪಂಪು, ಆ ಗರ್ ಮತ್ತು ಟಕ್. ಅದನ್ನು ಬಿಚ್ಚಿದಾಗಲೇ ಗೊತ್ತಾಯಿತು, ಇದು ನನ್ನ ಕೈಯಲ್ಲಿ ಮುಗಿಯುವ ಕೆಲಸವಲ್ಲ ಎಂದು. ಒಳಗೆ ನೀರು ತಿರುಗಿಸುವ ಪುಟ್ಟ ಚಕ್ರ, ಅದರ ನಡುವೆ ಸೂಜಿಯಂಥ ಕಡ್ಡಿ. ಕಡ್ಡಿಯ ಸುತ್ತ ಸುಣ್ಣ ಕಟ್ಟಿ ಗಟ್ಟಿಯಾಗಿತ್ತು. ಚಕ್ರ ನೆಟ್ಟಗೆ ತಿರುಗಲಾರದೆ ಓಲಾಡಿ ಗೋಡೆಗೆ ಬಡಿಯುತ್ತಿತ್ತು.

ಸುಣ್ಣ ಎಲ್ಲಿಯದೆಂದು ಕೇಳಬೇಕಿಲ್ಲ. ನಮ್ಮ ಮನೆಯ ಬೋರಿನದು ಸವಳು ನೀರು. ಸ್ನಾನದ ಹಂಡೆ ಬಿಳಿ, ನಲ್ಲಿಯ ಮೂತಿ ಬಿಳಿ, ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಊರ ನಲ್ಲಿಯ ನೀರು ಬಂದರೆ ಬಂತು, ಅದು ಕುಡಿಯಲಿಕ್ಕೇ ಸಾಲದು. ಚಕ್ರ ಮತ್ತು ಕಡ್ಡಿಯನ್ನು ಹುಣಸೆಹುಳಿಯಲ್ಲಿ ನೆನೆಹಾಕಿ ತಿಕ್ಕಿದೆ, ಹಿತ್ತಾಳೆ ಚೊಂಬು ತಿಕ್ಕಿದ ಹಾಗೆ ಥಳಥಳ ಹೊಳೆಯಿತು. ಹಾಕಿದರೆ ಪಂಪು ಸದ್ದಿಲ್ಲದೆ ಓಡಿತು. ವಾರ ಕಳೆಯುವಷ್ಟರಲ್ಲಿ ಮತ್ತೆ ಸುಣ್ಣ, ಮತ್ತೆ ಗರ್. ಮತ್ತೆ ಹುಳಿ. ಸಂಜೆಯ ಕರೆಂಟು ಬೇರೆ. ಹೊಲಗಳಲ್ಲಿ ಪಂಪುಸೆಟ್ಟೆಲ್ಲ ಹಚ್ಚಿದಾಗ ಲೈಟು ಕೆಂಪಗಾಗುತ್ತಿತ್ತು, ಇದು ಇನ್ನೂ ನರಳುತ್ತಿತ್ತು. ನನ್ನ ಮನೆಯ ಹುಣಸೆಹಣ್ಣೆಲ್ಲ ಸಾರಿಗೆ ಹೋಗದೆ ಪಂಪಿಗೆ ಹೋಯಿತು. ಸಾಕಪ್ಪಾ ಈ ಮೀನಿನ ಸಂಸಾರ ಅನ್ನಿಸಿಬಿಟ್ಟಿತು.

ಹೀಗೆ ಒಮ್ಮೆ ಎರಡೂ ಪಂಪು ನಿಲ್ಲಿಸಿ ಬಿಚ್ಚಿಕೊಂಡು ಕೂತಿದ್ದಾಗ ನಾದಿನಿ ಅಡುಗೆ ಮನೆಯಿಂದ ಹೊರಗೆ ಬಂದಳು. ಒಂದು ಕೈ ಎಡಗಿವಿಯ ಮೇಲಿತ್ತು. ಮುಖ ಬಿಳುಚಿಕೊಂಡಿತ್ತು.

“ವೈನಿ, ಜಲ್ದಿ ಹಚ್ಚು ಅದನ್ನ.”

“ತಡಿಯವಾ, ಕಡ್ಡಿ ತೊಳೀಲಿಕತ್ತೀನಿ. ಏನಾತು?”

“ನನ್ನ ಕಿವ್ಯಾಗ ಯಾವಾಗ್ಲೂ ಕುಂಯ್ ಅಂತದ. ಹೊಡದ ದಿನದಿಂದ ನಿಂತೇ ಇಲ್ಲ. ಮಲಗಿದ್ರೂ ಅದ, ಎದ್ರೂ ಅದ. ಈ ಪಂಪು ಬಡಕೊಂತಿದ್ರ ಅದು ಕೇಳಂಗಿಲ್ಲ. ಇದರ ಬಾಜೂಕ ಇದ್ರ ನನಗ ನಿದ್ದಿ ಬರ್ತದ.”

ಇಷ್ಟು ದಿನ ನಾನು ಕಳೆಯಲು ಹೆಣಗುತ್ತಿದ್ದದ್ದನ್ನೇ ಇವಳು ಹೊದ್ದು ಮಲಗುತ್ತಿದ್ದಳು. ಯಾಕೆ ಮೊದಲೇ ಹೇಳಲಿಲ್ಲ ಎಂದು ಗದರಿಸಿದೆ. ಅಪ್ಪನಿಗೆ ಮಾತ್ರ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡಳು. ಕಿವಿಯ ಸುದ್ದಿ ತೆಗೆದರೆ ಅಪ್ಪ ಕುಗ್ಗಿಹೋಗುತ್ತಾನೆ, ನೋಡಲಾಗುವುದಿಲ್ಲ ಎಂದಳು. ಡಾಕ್ಟರನ್ನು ಮತ್ತೆ ಕೇಳಿದೆವು. ಇದಕ್ಕೆ ಔಷಧಿ ಇಲ್ಲ, ರೂಢಿ ಮಾಡಿಕೊಳ್ಳಬೇಕು ಎಂದರು. ರೂಢಿಯಂತೆ! ಹೇಳುವವರ ಕಿವಿಯಲ್ಲಿ ಒಂದು ದಿನ ಕೂಗಿದ್ದರೆ ಗೊತ್ತಾಗುತ್ತಿತ್ತು.

ಅವತ್ತಿನಿಂದ ನನ್ನ ಕೆಲಸ ಎರಡಾಯಿತು. ಮಾವನವರ ಪೂಜೆಗೆ ಕೇಳದಷ್ಟು ಸಣ್ಣಗೆ, ನಾದಿನಿಯ ನಿದ್ದೆಗೆ ಸಾಲುವಷ್ಟು ದೊಡ್ಡಗೆ ಪಂಪು ಓಡಬೇಕು. ಬೆಳಿಗ್ಗೆ ಚಪ್ಪಲಿಯ ಅಟ್ಟೆ ಎರಡು ಇಡುತ್ತಿದ್ದೆ, ಸಂಜೆ ಒಂದನ್ನು ತೆಗೆಯುತ್ತಿದ್ದೆ. ಇದು ನಮ್ಮಿಬ್ಬರ ಗುಟ್ಟು. ಗುಟ್ಟು ಇದ್ದದ್ದರಿಂದಲೋ ಏನೋ ಅವಳಿಗೆ ಮಾತು ಹೆಚ್ಚಾಯಿತು. ಒಂದು ದಿನ ಗಾಜು ಒರೆಸುತ್ತ ನಾನು ಕೇಳದೆಯೇ ಹೇಳಿದಳು.

“ಇವನ್ನ ಬಿಟ್ಟು ಎಲ್ಲಿ ಹೋಗ್ಲಿ ವೈನಿ? ನಾ ಹೋಗಂಗಿಲ್ಲ.”

“ಹಿರ್ಯಾರ ಮುಂದ ಇದೇ ಮಾತು ಅಂತೀಯೇನು?”

“ಅಂತೀನಿ. ನೀ ಬಾಜೂಕ ನಿಂದ್ರು.”

ಅವತ್ತು ನಾನು ಅಕ್ಕಿ ಪಾಯಸ ಮಾಡಿದೆ. ಏನು ಹಬ್ಬ ಎಂದು ನಮ್ಮವರು ಕೇಳಿದರು. ಸುಮ್ಮನೆ ಉಣ್ಣಿ ಎಂದೆ.

ಆದರೆ ಕೆರೆಗೆ ಬಿಡುವ ಮಾತು ಹಾಗೇ ತಲೆಯ ಮೇಲಿತ್ತು. ಮಾವನವರು ಮತ್ತೊಮ್ಮೆ ಪಂಪಿನ ಮೇಲೆ ಹರಿಹಾಯ್ದಾಗ ನಾನೂ ಸುಮ್ಮನಿರಲಿಲ್ಲ.

“ಪಂಪಿನ ಮ್ಯಾಲ ಯಾಕ ಸಿಟ್ಟಾಗ್ತೀರಿ ಮಾವಾರ? ನಿಮ್ಮ ಬೋರಿನ ನೀರಿಗಿ ಬೈರಿ. ಸುಣ್ಣ ಕುಡದು ಕುಡದು ಅದರ ಗಂಟಲಾ ಕಟ್ಟ್ಯದ. ಸಿಹಿನೀರು ಇದ್ರ ಅದು ಪಿಟ್ ಅನ್ನಂಗಿಲ್ಲ.”

ನಾನು ಹೇಳಿದ್ದು ಸರಿಯೇ ಇತ್ತು. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅವರು ಪೆಟ್ಟಿಗೆಯ ಕಡೆ ನೋಡಿದರು. ನಾದಿನಿ ಅಲ್ಲಿ ಕೇಳದ ಎಡಗಿವಿಯನ್ನು ನಮ್ಮ ಕಡೆಗೆ ಮಾಡಿ ಕೂತಿದ್ದಳು. ಕರಿಯ ಮೀನಿಗೆ ಏನೋ ಹೇಳಿ ತಾನೇ ನಕ್ಕಳು. ಮಾವನವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

“ಭಾಳ ದಿನಾ ಆತು, ಈಕಿ ನಗೂದು ಕೇಳಿ,” ಎಂದರು ನನಗೆ.

ಮಾವನವರ ಊರು ಶಹಾಪುರಕ್ಕೆ ಹತ್ತಿರದ ಹಳ್ಳಿ, ಹೊಲ ಇನ್ನೂ ಅಲ್ಲೇ ಇತ್ತು, ಬೇರೊಬ್ಬರು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದರು. ಆ ಊರಿಗೆ ಕಾಲುವೆ ಮೊದಲ ಸಲ ಬಂದ ದಿನದ ಸುದ್ದಿಯನ್ನು ಅವರ ಬಾಯಿಂದ ನಾನು ಬೇಸರ ಬರುವಷ್ಟು ಕೇಳಿದ್ದೇನೆ. ನೀರು ಕಾಣುತ್ತಲೇ ಗಂಡಸರು ಅದರ ಜೊತೆಗೆ ದಂಡೆಯ ಮೇಲೆ ಓಡಿದರಂತೆ. ಹೆಂಗಸರು ಕಾಲುವೆಗೆ ಸೀರೆ, ಕುಪ್ಪಸ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಿಟ್ಟು ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ ಉಡಿ ತುಂಬಿದರಂತೆ. ಮಾವನವರಿಗೆ ಆ ನೀರು ಬರೀ ನೀರಲ್ಲ, ಕೃಷ್ಣಾತಾಯಿ. ಅಷ್ಟು ವರ್ಷವಾದ ಮೇಲೂ ಹೊಲಕ್ಕೆ ಹೋದರೆ ಕಾಲುವೆಯಲ್ಲಿ ಚಪ್ಪಲಿ ಕಾಲು ಇಡುತ್ತಿರಲಿಲ್ಲ. ಮೊದಲು ಕಣ್ಣಿಗೆ ಒತ್ತಿಕೊಂಡು, ತಲೆಗೆ ಚಿಮುಕಿಸಿಕೊಂಡು, ಆಮೇಲೆ ಕಾಲು ತೊಳೆಯುತ್ತಿದ್ದರು. ತಾಯಿಗೆ ಹೊಲಸು ಎಲ್ಲಿಯದು ಅನ್ನುವುದು ಅವರ ಮಾತು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಮೊಪೆಡ್‌ಗೆ ಎರಡು ಕ್ಯಾನು ಕಟ್ಟಿಕೊಂಡು ಹೋದರು. ಬಿಸಿಲು ಏರುವ ಹೊತ್ತಿಗೆ ಬಂದರು. ಧೋತರ ಮೊಣಕಾಲಿನವರೆಗೆ ಕೆಸರು. ಕ್ಯಾನುಗಳಿಗೆ ವಿಭೂತಿ ಹಚ್ಚಿದ್ದರು. ಬಾಗಿಲಿನಿಂದಲೇ ಮಗಳನ್ನು ಕರೆದರು.

“ಬಾರವ್ವಾ, ನೋಡು. ಕೃಷ್ಣಾತಾಯಿ ಬಂದಾಳ ನಿನ್ನ ಮೀನಕ್ಕ. ಇನ್ನ ನಿನ್ನ ಪಂಪಿಗಿ ಸುಣ್ಣ ಹಿಡ್ಯಂಗಿಲ್ಲ.”

ಆ ಮನುಷ್ಯನನ್ನು ನಾನು ಮದುವೆಯಾದಂದಿನಿಂದ ನೋಡಿದ್ದೆ. ಮಗಳಿಗೆ ಒಂದು ಲೋಟ ನೀರು ಕೂಡ ಕೈಯೆತ್ತಿ ಕೊಟ್ಟವರಲ್ಲ, ಮಗಳೇ ಅವರಿಗೆ ಕೊಡಬೇಕು. ಅಂಥವರು ಕ್ಯಾನು ಹೆಗಲಿಗೇರಿಸಿ ಒಳಗೆ ತಂದರು, ಮತ್ತೆರಡು ಸಲ ಹೋಗಿ ಬಂದರು. ನಾದಿನಿ ಅವರ ಧೋತರದ ಕೆಸರನ್ನೇ ನೋಡುತ್ತ ನಿಂತಿದ್ದಳು. ಬಟ್ಟೆಯಲ್ಲಿ ಸೋಸಿ, ಮಣ್ಣು ತಳಕ್ಕೆ ಇಳಿಯಲು ಬಿಟ್ಟು, ಹಳೆಯ ನೀರನ್ನೆಲ್ಲ ತೆಗೆದು ಇದನ್ನು ತುಂಬಿದೆವು. ನಾನು ಚಕ್ರಕ್ಕೆ ಕಡೆಯ ಸಲ ಹುಳಿ ತಿಕ್ಕಿ ಕೂಡಿಸಿದೆ. ಪ್ಲಗ್ಗು ಹಾಕಿದರೆ ನೀರಿನ ಪಂಪು ಪಿಟ್ ಅನ್ನಲಿಲ್ಲ. ಮುಟ್ಟಿ ನೋಡಿ ಓಡುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕಾಯಿತು.

“ಈಗ ಮನಿ ಮನಿ ಆತು ನೋಡು,” ಎಂದು ಮಾವನವರು ಮಣೆಯ ಮೇಲೆ ಕಾಲು ಚಾಚಿದರು. ನಾನು ಯಾರಿಗೂ ಕಾಣದಂತೆ ಗಾಳಿ ಪಂಪಿನ ಕೆಳಗಿನ ಅಟ್ಟೆ ಎರಡನ್ನೂ ಎಳೆದೆ. ಅದು ಮೆಲ್ಲಗೆ ಗುಂಯ್ ಎಂದಿತು. ನಾದಿನಿ ನನ್ನ ಕಡೆ ನೋಡಿ ನಕ್ಕಳು.

ಸಂಜೆಯ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಹೊಸ ನೀರು, ಹೊಂದಿಕೊಳ್ಳುತ್ತವೆ ಅಂದುಕೊಂಡೆವು. ಒಂದು ಕೆಂಪು ಮೀನು ಗಾಜಿಗೆ ಡಿಕ್ಕಿ ಹೊಡೆದು ಒಂದೇ ಕಡೆ ಸುತ್ತತೊಡಗಿತು. ಗಾಳಿ ಹೆಚ್ಚು ಮಾಡಿದೆ. ಬೆಳಿಗ್ಗೆ ನಾನು ಕಸಬರಿಗೆ ಹಿಡಿದು ಪಡಸಾಲೆಗೆ ಬಂದಾಗ ಕೆಂಪು ನಾಲ್ಕೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಾದಿನಿ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಕರಿಯದನ್ನು ಬೋರಿನ ನೀರು ತುಂಬಿದ ಬಕೆಟ್ಟಿಗೆ ಹಾಕಿ ಕೈಯಿಂದಲೇ ನೀರು ಕದಡುತ್ತ ಕೂತಳು. ಮಧ್ಯಾಹ್ನದೊಳಗೆ ಅದೂ ಹೋಯಿತು.

ಮಾವನವರು ನಂಬಲಿಲ್ಲ. ಪಂಪು ಕರೆಂಟು ಹೊಡೆದಿರಬೇಕು, ನಿನ್ನ ಹುಳಿ ಉಳಿದಿರಬೇಕು ಎಂದು ನನ್ನ ಮೇಲೆ ಹರಿಹಾಯ್ದರು. ನಾನೂ ಕೊಡಬೇಕಾದ್ದು ಕೊಟ್ಟೆ. ಆಗಲೇ ಲಾವಣಿಯ ರೈತ ಯಾವುದೋ ಕೆಲಸಕ್ಕೆ ಬಂದ. ಮಾವನವರು ಅವನನ್ನೇ ಸಾಕ್ಷಿ ಹಿಡಿದರು.

“ನೀನೇ ಹೇಳಪ್ಪಾ, ನಿನ್ನೆ ನಮ್ಮ ಹೊಲದ ತೂಬಿನ ಕಡೆ ನೀರು ತುಂಬಿದೆ. ಅದರಾಗ ಏನರ ಇರ್ತದೇನು?”

ರೈತ ಪೆಟ್ಟಿಗೆಯ ಕಡೆಗೂ ಮಾವನವರ ಕಡೆಗೂ ನೋಡಿದ.

“ಅಲ್ಲ್ಯಾಕ ತುಂಬಿದ್ರಿ ಯಜಮಾನ್ರ? ಭತ್ತಕ್ಕ ಎಣ್ಣಿ ಹೊಡ್ಯಾಕತ್ತೀವಲ್ರಿ. ಎಣ್ಣಿ ಕಲಸೂದು ಅಲ್ಲೇ, ಹೊಡದ ಮ್ಯಾಲ ಪಂಪು ತೊಳ್ಯೂದು ಅಲ್ಲೇ.”

ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ವಿಷ. ನಮ್ಮ ಕಡೆ ಅದಕ್ಕೆ ಅದೇ ಹೆಸರು.

“ಹರಿಯೂ ನೀರಲ್ಲೇನೋ ಅದು?” ಮಾವನವರ ದನಿ ಏರಿತು.

“ಎಲ್ಲೀ ಹರೀತದ್ರಿ? ವಾರಾಬಂದಿ ಅಲ್ಲ? ಈ ವಾರ ಕಾಲಿವಿ ಬಂದ್ ಅದ. ತೂಬಿನ ಮುಂದಿನ ತೆಗ್ಗಿನ್ಯಾಗ ನಿಂತದ್ದು ಅದು.”

ಮಾವನವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಒಂದು ವಾರ ನೀರು, ಒಂದು ವಾರ ಬಂದ್ ಎಂಬ ಸರತಿಗೆ ಇಡೀ ಸೀಮೆ ಬದುಕುತ್ತಿತ್ತು. ಎಣ್ಣಿ ಹೊಡೆಯುವವರನ್ನು ಅವರು ದಾರಿಯಲ್ಲಿ ಕಂಡಿರಲೂಬೇಕು. ತಗ್ಗಿನ ನೀರನ್ನು ಕಣ್ಣಿಗೆ ಒತ್ತಿಕೊಂಡೇ ತುಂಬಿರುತ್ತಾರೆ. ರೈತ ಹೋದ ಮೇಲೆ ತಮ್ಮ ಎರಡೂ ಅಂಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ಕೂತರು.

ನಾದಿನಿ ಪೆಟ್ಟಿಗೆಯನ್ನು ತೊಳೆದು ಮಾಳಿಗೆಯ ಮೇಲೆ ಬೋರಲು ಹಾಕಿ ಬಂದಳು. ಬೇರೆ ಮೀನು ತರೋಣ ಎಂದೆ, ತಲೆ ಅಲ್ಲಾಡಿಸಿದಳು. ಮಾವನವರು ತಾವೇ ಯಾದಗಿರಿಗೆ ಹೊರಟು ನಿಂತರೆ ಬಾಗಿಲಿಗೆ ಅಡ್ಡ ನಿಂತಳು. ಗಾಳಿ ಪಂಪನ್ನಾದರೂ ಅವಳ ತಲೆದೆಸೆಯಲ್ಲಿ ಬರಿದೇ ಹಚ್ಚಿಡುತ್ತೇನೆಂದೆ. “ಖಾಲಿ ಡಬ್ಬಿ ಮುಂದ ಮಲಗ್ಲೇನು ವೈನಿ?” ಎಂದಳು. ಅವಳ ಕಣ್ಣ ಕೆಳಗೆ ಮತ್ತೆ ಕಪ್ಪು ಕಟ್ಟಿತು. ಬೆಳಿಗ್ಗೆ ಎದ್ದರೆ ಯಾವಾಗಲೂ ಅವಳು ನನಗಿಂತ ಮೊದಲೇ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಮಾವನವರ ಪೂಜೆಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಅವರು ಬೇಗ ಮುಗಿಸಿ ಹೊರಗೆ ಹೋಗಿಬಿಡುತ್ತಿದ್ದರು.

ರಾಶಿ ಮುಗಿಯಿತು. ಸುರಪುರದಿಂದ ಜೀಪಿನಲ್ಲಿ ಹಿರಿಯರು ಬಂದರು, ಜೊತೆಗೆ ಅವಳ ಗಂಡ. ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮದುವೆಗೆ ಹೆಣ್ಣು ನೋಡಲು ಬಂದವನಂತಿದ್ದ. ನಮ್ಮ ಕಡೆಯವರೂ ಸೇರಿದರು. ಪಡಸಾಲೆ ತುಂಬಿತು. ಇನ್ನು ಮುಂದೆ ಕೈ ಮಾಡುವುದಿಲ್ಲ ಎಂದು ಅವನಿಂದ ಹೇಳಿಸಿದರು. ಅವನು ಹೇಳಿದ. ಇನ್ನು ಕಳಿಸಿಕೊಡಿ ಯಜಮಾನರೇ ಎಂದು ಎಲ್ಲರೂ ಮಾವನವರ ಕಡೆ ತಿರುಗಿದರು.

ಮಾವನವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

“ಇಲ್ರಿ. ಕಳಸಂಗಿಲ್ಲ. ನನ್ನ ಮಗಳು ನನ್ನ ಮನ್ಯಾಗ ಇರ್ತಾಳ.”

ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಇಂಥ ಮಾತು ಆ ಬಾಯಿಂದ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಖುಷಿಯಿಂದ ತಿರುಗಿ ನಾದಿನಿಯ ತೋಳು ಹಿಡಿದೆ. ಅವಳ ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲವಿತ್ತು.

“ನಾ ಹೋಗ್ತೀನಿ,” ಎಂದಳು.

“ಏ ಹುಚ್ಚಿ, ಕೇಳಲಿಲ್ಲೇನು? ಅಪ್ಪ ಇರು ಅಂದಾರ!”

“ಕೇಳ್ತು ವೈನಿ. ಇಲ್ಲಿ ಹಗಲಿ ರಾತ್ರಿ ನನಗ ನನ್ನ ಕಿವಿ ಒಂದೇ ಕೇಳ್ತದ. ಅಲ್ಲಿ ಗದ್ದಲರ ಇರ್ತದ.”

ಮಾವನವರು ಎದ್ದು ಒಳಗೆ ಬಂದರು. ಹಿರಿಯರಿಗೆ ಕೇಳದಂತೆ ಬಾಗಿಲು ಅರ್ಧ ಎಳೆದುಕೊಂಡು ಅವಳ ಬಲಗಡೆಗೆ ನಿಂತರು. ನನಗೆ ಗೊತ್ತಿಲ್ಲದೆ ಯಾವಾಗಲೋ ಅವರು ಅವಳ ಬಲಗಡೆಗೆ ನಿಂತು ಮಾತಾಡುವುದನ್ನು ಕಲಿತಿದ್ದರು.

“ತಪ್ಪಾತವ್ವಾ. ನಿನ್ನ ಸಲುವಾಗೇ ಅಲ್ಲೇನು ನಾ ನೀರು ತಂದದ್ದು? ನಿನಗ ಛಲೋ ಆಗ್ಲಿ ಅಂತನ ಅಲ್ಲೇನು?”

“ಗೊತ್ತದಪ್ಪಾ,” ಎಂದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. “ಅವರೂ ಹಂಗೇ ಅಂತಾರ. ಹೊಡದು ಆದ ಮ್ಯಾಲ.”

ಅವಳು ಬಗ್ಗಿ ಅವರ ಕಾಲು ಮುಟ್ಟಿದಳು. ನನ್ನನ್ನು ತಬ್ಬಿಕೊಂಡಳು. ಬಿಡಬಾರದಿತ್ತು ನಾನು. ಬಿಡದೆ ಏನು ಮಾಡುತ್ತಿದ್ದೆ, ಅದೂ ಗೊತ್ತಿಲ್ಲ. ಅವಳ ಕೈಯಿಂದ ಚೀಲ ತೆಗೆದುಕೊಂಡವರು ಮಾವನವರೇ. ಜೀಪಿನವರೆಗೆ ಅದನ್ನು ಹಿಡಿದುಕೊಂಡು ಹೋಗಿ ಅಳಿಯನ ಕೈಗೆ ಕೊಟ್ಟರು. ಕೊಡುವಾಗ ಕೈ ಮುಗಿದರು.

“ಛಲೋತ್ನಾಗ ನೋಡ್ಕೋರಿ.”

ಅಳಿಯ ಚೀಲವನ್ನು ಸೀಟಿನ ಕೆಳಗೆ ತಳ್ಳಿದ.

“ನಾ ಏನ್ ಮಾಡಿದ್ರೂ ಆಕಿ ಸಲುವಾಗೇ ಅಲ್ರಿ ಮಾವಾರ,” ಎಂದ.